ಹಳೆಯ ಬಿಆರ್‌ಝಡ್ ಕಾರಿನ ಎತ್ತರ ತಗ್ಗಿಸಬೇಕು: ಬರೀ ಸ್ಪ್ರಿಂಗೋ, ಕಾಯಿಲ್‌ಓವರೋ? ಕಡಿಮೆ ಖರ್ಚಿನಲ್ಲಿ ಹಾಕಿಸುವುದು ಹೇಗೆ?

ಮಲೆನಾಡಿಗ, ಫ್ರೀಮಾಂಟ್

ಎಲ್ಲರಿಗೂ ನಮಸ್ಕಾರ. ನನ್ನದು 2015ರ ಮಾದರಿಯ ಸುಬಾರು ಬಿಆರ್‌ಝಡ್, ಮ್ಯಾನುಯಲ್ ಗೇರಿನದು. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಈಗ 82,000 ಮೈಲಿ ಓಡಿದೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎಲ್ಲವೂ ಕಾರ್ಖಾನೆಯಿಂದ ಬಂದವೇ. ಟಯರಿಗೂ ಅದರ ಮೇಲಿನ ಕಮಾನಿಗೂ ನಡುವೆ ಮೂರು ಬೆರಳು ತೂರುವಷ್ಟು ಜಾಗವಿರುವುದು ನೋಡಲು ಚೆನ್ನಾಗಿಲ್ಲ ಎಂಬುದೇ ತಗ್ಗಿಸುವ ಆಸೆಗೆ ಮೊದಲ ಕಾರಣವೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಎರಡನೆಯ ಕಾರಣವೂ ಇದೆ: ನೈಲ್ಸ್ ಕ್ಯಾನಿಯನ್ ರಸ್ತೆಯ ತಿರುವುಗಳಲ್ಲಿ ನೆಲ ಸ್ವಲ್ಪ ಉಬ್ಬುತಗ್ಗಾದರೂ ಕಾರಿನ ಹಿಂಭಾಗ ಒಮ್ಮೆ ಏರಿ ಇಳಿದು ಸುಮ್ಮನಾಗುವುದಿಲ್ಲ, ಎರಡು ಮೂರು ಸಲ ಕುಣಿಯುತ್ತದೆ.

ಐಬಾಕ್ ಪ್ರೊ-ಕಿಟ್ ಸ್ಪ್ರಿಂಗುಗಳು 300 ಡಾಲರ್ ಆಸುಪಾಸಿಗೆ ಸಿಗುತ್ತವೆ, ಕಾರು ಸುಮಾರು ಒಂದು ಇಂಚು ಇಳಿಯುತ್ತದೆ. ಅಗ್ಗವಾಯಿತೆಂದು ಹಿಗ್ಗಿ ಇಲ್ಲಿನ ಗ್ಯಾರೇಜೊಂದರಲ್ಲಿ ವಿಚಾರಿಸಿದರೆ ಕೂಲಿಗೇ 750, ವೀಲ್ ಅಲೈನ್‌ಮೆಂಟಿಗೆ ಬೇರೆ 180 ಎಂದರು. ನಾನಿರುವ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಕಾರು ಬಿಚ್ಚುವಂತಿಲ್ಲ ಎಂದು ಬಾಡಿಗೆ ಕರಾರಿನಲ್ಲೇ ಇದೆ. ಒಟ್ಟು ಖರ್ಚು 1,800 ಡಾಲರ್ ಮೀರಬಾರದು. ಟ್ರ್ಯಾಕಿನಲ್ಲಿ ಓಡಿಸುವ ಯೋಚನೆಯಿಲ್ಲ. ಬರೀ ಸ್ಪ್ರಿಂಗ್ ಹಾಕಿಸಿ ಸುಮ್ಮನಾಗಲೇ ಅಥವಾ ಬಿ.ಸಿ. ರೇಸಿಂಗ್ ಕಂಪನಿಯ ಕಾಯಿಲ್‌ಓವರುಗಳಿಗೆ (ಸ್ಪ್ರಿಂಗೂ ಶಾಕೂ ಒಟ್ಟಿಗಿದ್ದು ಎತ್ತರ ಹೊಂದಿಸಬಹುದಾದವು) ಹೋಗಲೇ? ತಿಳಿದವರು ದಯವಿಟ್ಟು ಹೇಳಿ.

ಗ್ಯಾರೇಜ್ ಗೆಳೆಯ, ಸ್ಯಾಕ್ರಮೆಂಟೊ

ಕಾರು ಎರಡು ಮೂರು ಸಲ ಕುಣಿಯುತ್ತದೆ ಎಂದಿರಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಸ್ಪ್ರಿಂಗಿನ ಕುಣಿತವನ್ನು ತಡೆಯಬೇಕಾದದ್ದು ಶಾಕ್ ಅಬ್ಸಾರ್ಬರು. 82,000 ಮೈಲಿ ಓಡಿದ ಶಾಕ್‌ಗಳು ಆ ಕೆಲಸವನ್ನು ಬಹುಮಟ್ಟಿಗೆ ಕೈಬಿಟ್ಟಿವೆ. ಕಾರು ಒಂದು ಇಂಚು ಇಳಿದರೆ ಚಕ್ರ ಮೇಲೇಳಲು ಉಳಿಯುವ ಜಾಗವೂ ಅಷ್ಟೇ ಕಡಿಮೆಯಾಗುವುದರಿಂದ ತಗ್ಗಿಸುವ ಸ್ಪ್ರಿಂಗುಗಳನ್ನು ಮೂಲ ಸ್ಪ್ರಿಂಗಿಗಿಂತ ಗಡುಸಾಗಿ ಮಾಡಿರುತ್ತಾರೆ. ಮೆದು ಸ್ಪ್ರಿಂಗನ್ನೇ ಹಿಡಿದಿಡಲಾಗದ ಶಾಕಿಗೆ ಗಡುಸು ಸ್ಪ್ರಿಂಗು ಕೊಟ್ಟರೆ ಕುಣಿತ ಹೆಚ್ಚುತ್ತದೆ, ಕೆಲವು ತಿಂಗಳಲ್ಲಿ ಶಾಕ್ ಬದಲಿಸಲು ಮತ್ತೆ ಅದೇ ಬೋಲ್ಟುಗಳನ್ನು ಬಿಚ್ಚಿಸಿ ಅದೇ 750 ಡಾಲರನ್ನು ಎರಡನೆಯ ಸಲ ತೆರಬೇಕಾಗುತ್ತದೆ. ಬರೀ ಸ್ಪ್ರಿಂಗ್ ಹಾಕಿಸುವ ಕೆಲಸದಲ್ಲಿ ದುಡ್ಡು ಹೋಗುವುದು ಭಾಗಗಳಿಗಿಂತ ಹೆಚ್ಚಾಗಿ ಕೂಲಿಗೆ. ಆದ್ದರಿಂದ ಕೂಲಿಯನ್ನು ಒಂದೇ ಸಲ ಕೊಡುವಂತೆ ಯೋಜಿಸಿ.

ಇನ್ನೊಂದು ವಿಷಯವನ್ನು ಗ್ಯಾರೇಜಿನವರು ತಾವಾಗಿ ಹೇಳುವುದಿಲ್ಲ. ನಿಮ್ಮ ಕಾರಿನ ಮುಂದಿನ ಸ್ಟ್ರಟ್ (ಶಾಕೂ ಸ್ಪ್ರಿಂಗೂ ಸೇರಿದ ಕಂಬ) ತೆಗೆಯಲು ಮೇಲೆ ಮೂರು ನಟ್ಟು, ಕೆಳಗೆ ಎರಡು ದಪ್ಪ ಬೋಲ್ಟು, ಜೊತೆಗೆ ಬ್ರೇಕ್ ಹೋಸಿನ ಬ್ರ್ಯಾಕೆಟ್ಟು, ಎಬಿಎಸ್ ವೈರು ಮತ್ತು ಕಾರು ವಾಲದಂತೆ ತಡೆಯುವ ಸ್ವೇಬಾರಿನ ಲಿಂಕು ಬಿಚ್ಚಬೇಕು. ಬರೀ ಸ್ಪ್ರಿಂಗ್ ಬದಲಿಸುವುದಾದರೆ ಇಷ್ಟರ ಮೇಲೆ ಪ್ರತಿ ಸ್ಟ್ರಟ್ಟನ್ನೂ ಸ್ಪ್ರಿಂಗ್ ಕಂಪ್ರೆಸರಿನಲ್ಲಿ ಅಮುಕಿ ಹಿಡಿದು, ಮೇಲಿನ ಮೌಂಟು ಕಳಚಿ, ಹೊಸ ಸ್ಪ್ರಿಂಗು ಕೂರಿಸಿ ಮತ್ತೆ ಜೋಡಿಸಬೇಕಾಗುತ್ತದೆ. ಕಾಯಿಲ್‌ಓವರುಗಳು ಹೆಚ್ಚಾಗಿ ಜೋಡಿಸಿದ ಸ್ಥಿತಿಯಲ್ಲೇ ಪೆಟ್ಟಿಗೆಯಲ್ಲಿ ಬರುವುದರಿಂದ ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದರೆ ಮುಗಿಯಿತು. ಕೈಪಳಗಿದವರಿಗೆ ಮೂರು ನಾಲ್ಕು ಗಂಟೆಯ ಕೆಲಸ. ಹಾಗಾಗಿ 750 ಎಂದವರನ್ನೇ "ಜೋಡಿಸಿದ ಕಾಯಿಲ್‌ಓವರ್ ತಂದುಕೊಟ್ಟರೆ ಎಷ್ಟು?" ಎಂದು ಮತ್ತೊಮ್ಮೆ ಕೇಳಿ, ಗಂಟೆಯ ಲೆಕ್ಕ ಬೇಡ, ಒಟ್ಟು ಮೊತ್ತವನ್ನು ಬರೆದುಕೊಡಿ ಎನ್ನಿ. 500ರ ಸುತ್ತ ಒಪ್ಪಿದರೆ, 1,200 ಆಸುಪಾಸಿನ ಬಿ.ಸಿ. ರೇಸಿಂಗಿನ ಬಿಆರ್ ಮಾದರಿಯ ಸೆಟ್ಟು ಮತ್ತು ಅಲೈನ್‌ಮೆಂಟ್ ಸೇರಿ ನೀವು ಹಾಕಿಕೊಂಡ ಗೆರೆಯನ್ನು ಚೂರು ದಾಟುತ್ತೀರಿ, ಅಷ್ಟೆ. ಐಬಾಕ್ ಸ್ಪ್ರಿಂಗಿನ ಜೊತೆ, ತಗ್ಗಿಸಿದ ಕಾರಿಗೆಂದೇ ಮಾಡಿದ ಬಿಲ್‌ಸ್ಟೈನ್ ಬಿ8ನಂಥ ಹೊಸ ಶಾಕ್ ಕೊಂಡರೆ ಸವಾರಿ ಬಲು ಸೊಗಸಾಗಿರುತ್ತದೆ. ಆದರೆ ಸ್ಟ್ರಟ್ ಬಿಚ್ಚಿ ಜೋಡಿಸುವ ಕೂಲಿ ಸೇರಿ ಒಟ್ಟು ಬಿಲ್ಲು ಅದಕ್ಕಿಂತ ಕಡಿಮೆಯೇನೂ ಆಗದು.

ಅಲೈನ್‌ಮೆಂಟಿನ ಬಗ್ಗೆಯೂ ಮೊದಲೇ ತಿಳಿದಿರಲಿ. ಈ ಕಾರಿನಲ್ಲಿ ಮುಂದಿನ ಕ್ಯಾಂಬರನ್ನು (ಎದುರಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ವಾಲಿರುವ ಕೋನ) ಹೊಂದಿಸಲು ಕಾರ್ಖಾನೆ ದಾರಿ ಬಿಟ್ಟಿಲ್ಲ, ಹಿಂದೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಮಾತ್ರ ಹೊಂದಿಸಬಹುದು. ಕಾಯಿಲ್‌ಓವರಿನ ಮೇಲ್ಭಾಗದಲ್ಲಿ ಕ್ಯಾಂಬರ್ ಪ್ಲೇಟು ಇದ್ದರೆ ಮುಂದಿನ ಸಮಸ್ಯೆ ಅಲ್ಲಿಗೇ ಬಗೆಹರಿಯಿತು. ಸ್ಪ್ರಿಂಗ್ ಮಾತ್ರ ಹಾಕಿಸುವವರು ಸ್ಟ್ರಟ್ಟಿನ ಒಂದು ಬೋಲ್ಟಿನ ಜಾಗಕ್ಕೆ ಕ್ಯಾಂಬರ್ ಬೋಲ್ಟ್ ಕೊಂಡರೆ ಸಾಕು. ಹಿಂದಿನ ಕ್ಯಾಂಬರಿಗೆ ಹೊಂದಿಸಬಹುದಾದ ಕೆಳಗಿನ ಆರ್ಮುಗಳನ್ನು (ಚಕ್ರವನ್ನು ಕಾರಿಗೆ ಜೋಡಿಸುವ ತೋಳುಗಳನ್ನು) ಕೊಳ್ಳಿರೆಂದು ಅನೇಕರು ಹೇಳುತ್ತಾರೆ. ಒಂದು ಇಂಚಿನವರೆಗೆ ಅವು ಬೇಕಾಗುವುದು ಅಪರೂಪ. ಮೊದಲು ಅಲೈನ್‌ಮೆಂಟ್ ಮಾಡಿಸಿ, ಅವರು ಕೊಡುವ ಹಾಳೆಯಲ್ಲಿನ ಅಂಕಿಗಳನ್ನು ನೋಡಿ, ಆಮೇಲೆ ತೀರ್ಮಾನಿಸಿ. ಟಯರಿನ ಒಳಅಂಚನ್ನು ಬೇಗ ತಿನ್ನುವುದು ಟೋ ತಪ್ಪಿದ್ದು. ಎರಡು ಡಿಗ್ರಿಯ ಒಳಗಿನ ಕ್ಯಾಂಬರ್ ಅಷ್ಟೇನೂ ಹಾನಿ ಮಾಡದು.

ಅಕ್ಕಿರೊಟ್ಟಿ, ಮಿಶಿಗನ್

ಗೆಳೆಯರು ಕೂಲಿಯ ಲೆಕ್ಕ ಸರಿಯಾಗಿಯೇ ಕೊಟ್ಟಿದ್ದಾರೆ, ಆದರೆ ನನ್ನದೊಂದು ತಕರಾರಿದೆ. ಬಿಆರ್‌ಝಡ್ ಮೊದಲೇ ತಗ್ಗಿದ ಕಾರು. ಸಿಲಿಂಡರುಗಳು ಅಡ್ಡಡ್ಡ ಮಲಗಿರುವ ಬಾಕ್ಸರ್ ಎಂಜಿನ್ನಿನಿಂದಾಗಿ ಅದರ ಗುರುತ್ವ ಕೇಂದ್ರ ನೆಲದಿಂದ ಸುಮಾರು 460 ಮಿಲಿಮೀಟರ್ ಎತ್ತರದಲ್ಲಷ್ಟೇ ಇದೆ ಎಂದು ತಯಾರಕರೇ ಹೇಳಿಕೊಂಡಿದ್ದರು. ಅದನ್ನು ಮತ್ತಷ್ಟು ಇಳಿಸಿ ತಿರುವಿನಲ್ಲಿ ಗಳಿಸುವುದು ಅಲ್ಪ. ಮುಂದುಗಡೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಅತಿಯಾಗಿ ತಗ್ಗಿಸಿದರೆ ಕೆಳಗಿನ ಆರ್ಮಿನ ಹೊರತುದಿ ಒಳತುದಿಗಿಂತ ಮೇಲಕ್ಕೆ ಏರಿಬಿಡುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತಲೂ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದಂತೆ ವಾಲಿಸುವ ಬಲವೂ ಬೆಳೆಯುತ್ತದೆ, ಅದನ್ನು ತಡೆಯಲು ಇನ್ನೂ ಗಡುಸು ಸ್ಪ್ರಿಂಗು ಬೇಕಾಗುತ್ತದೆ. ಎರಡು ಇಂಚು ಇಳಿಸಿ ಫೋಟೊ ಹಾಕುವವರನ್ನು ನೋಡಿ ಮರುಳಾಗಬೇಡಿ.

ಕಾರ್ಖಾನೆಯಿಂದ ಬಂದ 215/45 ಅಳತೆಯ ಮಿಶೆಲಿನ್ ಪ್ರೈಮಸಿ ಟಯರುಗಳೋ ಅದೇ ವರ್ಗದವೋ ಇನ್ನೂ ಕಾರಿನಲ್ಲಿದ್ದು, ತಿರುವಿನಲ್ಲಿ ಹಿಡಿತವೂ ಸಾಲದೆನಿಸಿದರೆ ಅದಕ್ಕೆ ಅವೇ ಕಾರಣವಿರಬಹುದು. ಅವು ಸುಲಭವಾಗಿ ಜಾರಲೆಂದೇ ಆರಿಸಿದ ಟಯರುಗಳು. ಹೊಸ ಶಾಕ್, ಒಳ್ಳೆಯ ಬೇಸಿಗೆ ಟಯರು, ಮೂಲ ಎತ್ತರ: ನನ್ನ ಆಯ್ಕೆ ಇದು. ನಿಮಗೆ ಅಂದ ಮುಖ್ಯವಾದರೆ ಮುಕ್ಕಾಲು ಇಂಚಿಗೆ ನಿಲ್ಲಿಸಿ.

ನಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನಿಂದ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿಬಿಡುತ್ತವೆ. ಕತ್ತರಿಸಿ ತೆಗೆಯುವ ಕೂಲಿ ಬೇರೆ ಬೀಳುತ್ತದೆ. ಕ್ಯಾಲಿಫೋರ್ನಿಯಾದ ಕಾರಾದರೆ ಆ ಚಿಂತೆಯಿಲ್ಲ. ಆದರೂ ಹಿಂದಿನ ಮಾಲೀಕರು ಎಲ್ಲಿಯವರೆಂದು ಒಮ್ಮೆ ನೋಡಿಕೊಳ್ಳಿ.

ಶರಾವತಿ, ಸ್ಯಾನ್ ಹೋಸೆ

ಸ್ಥಳೀಯರಾದ್ದರಿಂದ ಕಾನೂನಿನ ವಿಷಯ ಸೇರಿಸುತ್ತೇನೆ. ಕ್ಯಾಲಿಫೋರ್ನಿಯಾ ವಾಹನ ಸಂಹಿತೆಯ 24008ನೆಯ ಕಲಮಿನ ಪ್ರಕಾರ, ಮಾರ್ಪಡಿಸಿದ ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಅತಿ ಕೆಳಗಿನ ಅಂಚಿಗಿಂತ ನೆಲಕ್ಕೆ ಹತ್ತಿರವಾಗಿರಬಾರದು. ಒಂದು ಇಂಚಿಗೆ ಅದು ತಾಕುವುದಿಲ್ಲ. ಸ್ಮಾಗ್ ತಪಾಸಣೆಗೂ (ಹೊಗೆ ಪರೀಕ್ಷೆಗೂ) ಇದಕ್ಕೂ ಸಂಬಂಧವಿಲ್ಲ, ಏಕೆಂದರೆ ಅಲ್ಲಿ ಕೇಳುವ ಬಿಡಿಭಾಗಗಳ ಅನುಮತಿ ಸಂಖ್ಯೆಗಳೆಲ್ಲ ಹೊಗೆಗೆ ಸಂಬಂಧಿಸಿದ ಭಾಗಗಳಿಗೆ. ವಿಮೆಯವರಿಗೆ ಮಾತ್ರ ಬರೆದು ತಿಳಿಸಿಬಿಡಿ.

ಖರ್ಚು ಇಳಿಸಲು ಇನ್ನೊಂದು ದಾರಿಯೆಂದರೆ ಗಂಟೆಯ ಬಾಡಿಗೆಗೆ ಲಿಫ್ಟ್ ಕೊಡುವ ಗ್ಯಾರೇಜುಗಳು. ನೀವೇ ಕೈಹಾಕುವುದಾದರೆ ಕಾಯಿಲ್‌ಓವರನ್ನೇ ಆರಿಸಿ. ಆಟೊಜೋನಿನಂಥ ಅಂಗಡಿಗಳು ಠೇವಣಿ ಇಟ್ಟುಕೊಂಡು ಸ್ಪ್ರಿಂಗ್ ಕಂಪ್ರೆಸರನ್ನು ಎರವಲು ಕೊಡುತ್ತವೆ ನಿಜ, ಆದರೆ ಅಮುಕಿದ ಸ್ಪ್ರಿಂಗು ಕೈತಪ್ಪಿ ಸಿಡಿದರೆ ಮೂಳೆ ಮುರಿಯುತ್ತದೆ. ಮೊದಲ ಸಲ ಮಾಡುವವರಿಗೆ ಅದು ತಕ್ಕ ಕೆಲಸವಲ್ಲ.

ಗ್ಯಾರೇಜಿನಲ್ಲೇ ಮಾಡಿಸಿದರೂ ಒಂದು ಮಾತನ್ನು ಕೇಳಿ ಖಚಿತಪಡಿಸಿಕೊಳ್ಳಿ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಸಡಿಲಿಸಿದ್ದರೆ, ಕಾರು ಲಿಫ್ಟಿನ ಮೇಲೆ ಚಕ್ರ ಜೋತುಬಿದ್ದಿರುವಾಗ ಅವನ್ನು ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದೊಡನೆ ಬುಷ್ಷು ತಿರುಚಿಕೊಂಡೇ ಕೂತಿರುತ್ತದೆ, ಕಾರು ಸರಿಯಾದ ಎತ್ತರಕ್ಕೆ ಇಳಿಯುವುದಿಲ್ಲ, ಬುಷ್ಷೂ ಬೇಗ ಹರಿಯುತ್ತದೆ. ತೂಕವೆಲ್ಲ ಚಕ್ರಗಳ ಮೇಲಿರುವಾಗ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿತ ಕೊಡಬೇಕು. ಅವಸರದ ಗ್ಯಾರೇಜುಗಳಲ್ಲಿ ಬಿಟ್ಟುಹೋಗುವುದು ಇದೇ. ಅಲೈನ್‌ಮೆಂಟನ್ನು ಅದೇ ದಿನ ಮಾಡಿಸದೆ ಒಂದು ವಾರ ಓಡಿಸಿ, ಸ್ಪ್ರಿಂಗು ಕೂತ ಮೇಲೆ ಮಾಡಿಸಿದರೆ ಆ 180 ಡಾಲರನ್ನು ಎರಡು ಸಲ ಕೊಡುವುದು ತಪ್ಪುತ್ತದೆ. ಅಲ್ಲಿಯವರೆಗೆ ದೂರದ ಪ್ರಯಾಣ ಬೇಡ.

ಮಲೆನಾಡಿಗ, ಫ್ರೀಮಾಂಟ್

ಮೂವರಿಗೂ ಧನ್ಯವಾದಗಳು. ಅದೇ ಗ್ಯಾರೇಜಿನವರನ್ನು ಮತ್ತೆ ಕೇಳಿದೆ. ಜೋಡಿಸಿದ ಕಾಯಿಲ್‌ಓವರ್ ತಂದರೆ 520ಕ್ಕೆ ಹಾಕಿಕೊಡುವುದಾಗಿ ಬರೆದುಕೊಟ್ಟಿದ್ದಾರೆ. ಟಯರುಗಳು ಪ್ರೈಮಸಿಯಲ್ಲ, ಹಿಂದಿನ ಮಾಲೀಕರು ಬದಲಿಸಿದ್ದಾರೆ. ಮುಕ್ಕಾಲು ಇಂಚಿಗೆ ನಿಲ್ಲಿಸುತ್ತೇನೆ. ಈ ನಡುವೆ ಬಿ.ಸಿ. ರೇಸಿಂಗಿನದೇ ಹಳೆಯ ಸೆಟ್ಟೊಂದು 600 ಡಾಲರಿಗೆ ಮಾರಾಟಕ್ಕಿರುವುದು ಕಣ್ಣಿಗೆ ಬಿದ್ದಿದೆ. ಅದನ್ನು ಕೊಳ್ಳಬಹುದೇ?

ಗ್ಯಾರೇಜ್ ಗೆಳೆಯ, ಸ್ಯಾಕ್ರಮೆಂಟೊ

ನೋಡದೆ ಕೊಳ್ಳಬೇಡಿ, ಅಂಚೆಯಲ್ಲಿ ತರಿಸಿಕೊಳ್ಳಲೂಬೇಡಿ. ಹೋಗಿ ನೋಡುವಾಗ ಮೊದಲು ಶಾಕಿನ ದಂಡ ಒಳಹೋಗುವ ಸೀಲಿನ ಸುತ್ತ ಬೆರಳಾಡಿಸಿ. ಎಣ್ಣೆ ಅಂಟಿದರೆ ಅಲ್ಲಿಂದಲೇ ಹಿಂದಿರುಗಿ. ಆಮೇಲೆ ಸ್ಪ್ರಿಂಗಿನಡಿಯ ಕಾಲರುಗಳನ್ನೂ (ಥ್ರೆಡ್ಡಿರುವ ಉಂಗುರಗಳು) ಎತ್ತರ ಹೊಂದಿಸುವ ಕೆಳಗಿನ ಮೌಂಟನ್ನೂ ಅದರದೇ ಸ್ಪ್ಯಾನರಿನಿಂದ ನಿಮ್ಮೆದುರೇ ತಿರುಗಿಸಿ ತೋರಿಸಲು ಹೇಳಿ, ಏಕೆಂದರೆ ಮಣ್ಣು, ತುಕ್ಕು ತುಂಬಿ ಥ್ರೆಡ್ಡು ಹಿಡಿದುಕೊಂಡಿದ್ದರೆ ಕಾಯಿಲ್‌ಓವರ್ ಕೊಂಡದ್ದಕ್ಕೆ ಅರ್ಥವೇ ಇರುವುದಿಲ್ಲ. ಶಾಕಿನ ಗಡುಸುತನ ಬದಲಿಸುವ ನಾಬನ್ನು ಕೊನೆಯಿಂದ ಕೊನೆಯವರೆಗೆ ತಿರುಗಿಸಿ. ಪ್ರತಿ ಹಂತದಲ್ಲೂ ಟಿಕ್ ಎಂದು ಕೈಗೆ ತಿಳಿಯಬೇಕು. ಮೇಲಿನ ಪಿಲ್ಲೋಬಾಲ್ (ಗೋಲಾಕಾರದ) ಬೇರಿಂಗನ್ನು ಅಲುಗಾಡಿಸಿದಾಗ ಸಡಿಲವೆನಿಸಿದರೆ ಹೊಸ ಬೇರಿಂಗಿನ ಬೆಲೆಯನ್ನು 600ರಿಂದ ಕಳೆದು ಕೇಳಿ.

ಎಲ್ಲವೂ ಸರಿಯಿದ್ದರೂ ಎಷ್ಟು ಮೈಲಿ ಓಡಿದ್ದೆಂದು ವಿಚಾರಿಸಿ. 40,000 ದಾಟಿದೆಯೆಂದರೆ ನಾನಾದರೆ ಬಿಟ್ಟುಬಿಡುತ್ತೇನೆ, ಏಕೆಂದರೆ ನಿಮ್ಮ 520 ಡಾಲರ್ ಕೂಲಿ ಹಳೆಯದಕ್ಕೂ ಅಷ್ಟೇ, ಹೊಸದಕ್ಕೂ ಅಷ್ಟೇ. ಕಾರು ಬಿಚ್ಚುವ ಮೊದಲು ಪ್ರತಿ ಚಕ್ರದ ನಡುಬಿಂದುವಿನಿಂದ ಕಮಾನಿನ ಅಂಚಿನವರೆಗಿನ ಅಳತೆಯನ್ನು ಬರೆದಿಟ್ಟುಕೊಂಡು ಗ್ಯಾರೇಜಿನವರ ಕೈಗೆ ಕೊಡಿ. ಎತ್ತರವನ್ನು ಕೆಳಗಿನ ಮೌಂಟಿನಿಂದ ಹೊಂದಿಸಲಿ, ಸ್ಪ್ರಿಂಗಿನಡಿಯ ಕಾಲರನ್ನು ಅದಕ್ಕಾಗಿ ತಿರುಗಿಸದಿರಲಿ ಎಂದು ಚೀಟಿಯಲ್ಲೇ ಬರೆದುಬಿಡಿ.