ಸ್ವಿಚ್‌ನಲ್ಲಿ 802.1ಎಕ್ಸ್ ಹಾಕಿದ ಮೇಲೆ ಪ್ರಿಂಟರ್‌ಗೆ ಐಪಿ ಸಿಗುತ್ತಿಲ್ಲ

ಕಲಬುರಗಿ_ಲ್ಯಾಬ್:
ನಮಸ್ಕಾರ. ಕಲಬುರಗಿಯ ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಯಾರ್ಯಾರೋ ಲ್ಯಾಪ್‌ಟಾಪ್ ತಂದು ಗೋಡೆಯ ಪಾಯಿಂಟ್‌ಗೆ ಕೇಬಲ್ ಚುಚ್ಚುತ್ತಿದ್ದರು, ಅದಕ್ಕೇ ಸಿಸ್ಕೋ 24 ಪೋರ್ಟ್ ಸ್ವಿಚ್‌ನಲ್ಲಿ 802.1ಎಕ್ಸ್ (ಗುರುತು ಒಪ್ಪಿದ ಮೇಲೇ ಪೋರ್ಟ್ ತೆರೆಯುವ ವ್ಯವಸ್ಥೆ) ಹಾಕಿದೆ, ಆ ಗುರುತು ಪರಿಶೀಲಿಸುವ ರೇಡಿಯಸ್ ಸರ್ವರ್ ಆಗಿ ಫ್ರೀರೇಡಿಯಸ್ ಒಂದು ಹಳೇ ಪಿಸಿ ಮೇಲೆ ಓಡುತ್ತಿದೆ. ವಿಂಡೋಸ್ ಪಿಸಿಗಳಲ್ಲಿ ವೈರ್ಡ್ ಆಟೋಕಾನ್ಫಿಗ್ ಸರ್ವಿಸ್ ಶುರು ಮಾಡಿದ ಮೇಲೆ ಎಲ್ಲ ಸರಿ. ಆಫೀಸಿನ ಪ್ರಿಂಟರ್ ಮಾತ್ರ ಬರುತ್ತಿಲ್ಲ. 802.1ಎಕ್ಸ್ ಗೊತ್ತಿಲ್ಲದ ಸಾಧನವನ್ನು ಅದರ ಮ್ಯಾಕ್ ಅಡ್ರೆಸ್ (ಹಾರ್ಡ್‌ವೇರ್ ನಂಬರ್) ನೋಡಿಯೇ ಒಳಬಿಡುವ ಎಂಎಬಿ ಹಾಕಿದ್ದೇನೆ, ಪ್ರಿಂಟರ್‌ನ ಮ್ಯಾಕ್ ಅಡ್ರೆಸ್ ಸರ್ವರ್‌ನಲ್ಲಿ ಸೇರಿಸಿದ್ದೇನೆ. ಆದರೂ ಪ್ರಿಂಟರ್ ಸ್ಕ್ರೀನ್ ಮೇಲೆ 169.254ರಿಂದ ಶುರುವಾಗುವ ಐಪಿನೇ ಕಾಣುತ್ತದೆ. ನಾಳೆ ಹಾಲ್ ಟಿಕೆಟ್ ಪ್ರಿಂಟ್ ಆಗಬೇಕು.

ಬೀದರ್_ನೆಟ್:
ಸರ್, ರೇಡಿಯಸ್ ಲಾಗ್‌ನಲ್ಲಿ ಆ ಮ್ಯಾಕ್‌ಗೆ ಆಕ್ಸೆಪ್ಟ್ ಅಂತ ಬಂದಿದೆಯಾ ನೋಡಿ. ಬಂದಿದ್ದರೆ ತೊಂದರೆ ಇರುವುದು ಟೈಮಿಂಗ್‌ನಲ್ಲಿ. ಸ್ವಿಚ್ ಮೊದಲು ಯಾರು ನೀನು ಅಂತ ಕೇಳಿ 30 ಸೆಕೆಂಡ್ ಕಾಯುತ್ತದೆ, ಹೀಗೆ ಮೂರು ಸಲ, ಒಟ್ಟು 90 ಸೆಕೆಂಡ್ ಆದ ಮೇಲೇ ಎಂಎಬಿಗೆ ಹೋಗುವುದು. ಅಷ್ಟರಲ್ಲಿ ಪ್ರಿಂಟರ್ ಐಪಿ ಹಂಚುವ ಡಿಎಚ್‌ಸಿಪಿಗೆ ಕೇಳಿ ಕೇಳಿ ಸುಮ್ನಾಗಿ, ತಾನೇ ಒಂದು ಐಪಿ ಹಾಕಿಕೊಂಡಿರುತ್ತದೆ. ಆ 30 ಸೆಕೆಂಡ್ ಕಾಯುವ ಸೆಟ್ಟಿಂಗ್, ಅಂದರೆ ಟಿಎಕ್ಸ್ ಪೀರಿಯಡ್, 10ಕ್ಕೆ ಇಳಿಸಿ. ಇಲ್ಲವಾದರೆ ಆ ಒಂದು ಪೋರ್ಟ್‌ನಲ್ಲಿ ಎಂಎಬಿ ಮೊದಲು ಬರುವಂತೆ ಆರ್ಡರ್ ಬದಲಿಸಿ.

ಇನ್ನೊಂದು ಮಾತು. ಮ್ಯಾಕ್ ಅಡ್ರೆಸ್ ಪ್ರಿಂಟರ್ ಹಿಂದಿನ ಸ್ಟಿಕ್ಕರ್ ಮೇಲೇ ಇರುತ್ತದೆ, ಅದನ್ನು ನೋಡಿ ತನ್ನ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳುವುದು ಯಾವ ಹುಡುಗನಿಗೂ ಕಷ್ಟವಲ್ಲ. ಪ್ರಿಂಟರ್‌ಗಳಿಗೆ ಬೇರೆ ವಿಲ್ಯಾನ್ (ಅದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಕೊಡಿ, ಅಲ್ಲಿಂದ ಅಕೌಂಟ್ಸ್ ಸರ್ವರ್‌ಗೆ ದಾರಿ ಬಿಡಬೇಡಿ.

ಯಾದಗಿರಿ_ಸಿಸ್ಟಮ್ಸ್:
ಲಾಗ್‌ನಲ್ಲಿ ರಿಜೆಕ್ಟ್ ಅಂತ ಇದ್ದರೆ ಮ್ಯಾಕ್ ಬರೆದ ರೀತಿ ನೋಡಿ ಅಣ್ಣ. ಸಿಸ್ಕೋ ಸ್ವಿಚ್ ಅದನ್ನು ಸಣ್ಣ ಅಕ್ಷರದಲ್ಲಿ, ನಡುವೆ ಕೋಲನ್ ಇಲ್ಲದೆ 12 ಅಕ್ಷರ ಒಟ್ಟಿಗೆ ಕಳಿಸುತ್ತದೆ, ಸರ್ವರ್‌ನಲ್ಲೂ ಹಾಗೇ ಇರಬೇಕು.

ನನಗೆ ಜಾಸ್ತಿ ಚಿಂತೆ ಆಗಿದ್ದು ಆ ಹಳೇ ಪಿಸಿ ಬಗ್ಗೆ. ನಮ್ಮ ಆಫೀಸಿನಲ್ಲಿ ಹೋದ ಬೇಸಿಗೆ ಕರೆಂಟ್ ಹೋಗಿ ಬಂತು, ಸ್ವಿಚ್‌ಗಳು ಎದ್ದವು, ರೇಡಿಯಸ್ ಪಿಸಿ ಏಳಲೇ ಇಲ್ಲ. ಒಂದು ಪೋರ್ಟೂ ತೆರೆಯಲಿಲ್ಲ, ಕೌಂಟರ್ ಮುಂದೆ ಜನ ಬಿಸಿಲಲ್ಲಿ ನಿಂತಿದ್ದರು, ನಾನು ಕನ್ಸೋಲ್ ಕೇಬಲ್ ಹುಡುಕುತ್ತಿದ್ದೆ. ಸರ್ವರ್ ಡೆಡ್ ಆದರೆ ಯಾವ ವಿಲ್ಯಾನ್‌ಗೆ ಬಿಡಬೇಕು ಅನ್ನುವ ಸಾಲು ಪ್ರತಿ ಪೋರ್ಟ್‌ನಲ್ಲೂ ಇರಲಿ. ಸರ್ವರ್ ಕೂತಿರುವ ಪೋರ್ಟ್‌ಗೆ, ಮುಖ್ಯ ನೆಟ್‌ವರ್ಕ್ ಕಡೆ ಹೋಗುವ ಅಪ್‌ಲಿಂಕ್‌ಗೆ 802.1ಎಕ್ಸ್ ಹಾಕಲೇಬೇಡಿ.

ಕಲಬುರಗಿ_ಲ್ಯಾಬ್:
ಲಾಗ್‌ನಲ್ಲಿ ಆಕ್ಸೆಪ್ಟ್ ಅಂತಲೇ ಇತ್ತು, ಬೀದರ್ ಸರ್ ಹೇಳಿದ್ದೇ ನಿಜ. 10ಕ್ಕೆ ಇಳಿಸಿ ಕೇಬಲ್ ಕಿತ್ತು ಹಾಕಿದೆ, ಅರ್ಧ ನಿಮಿಷಕ್ಕೆ ಪೋರ್ಟ್ ತೆರೆಯಿತು, ಐಪಿ ಬಂತು, ಟೆಸ್ಟ್ ಪೇಜ್ ಕೈಯಲ್ಲಿದೆ. ಸರ್ವರ್ ಡೆಡ್ ಸಾಲು ಈಗಲೇ ಹಾಕುತ್ತೇನೆ. ಪಿಸಿಯ ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಸೆಟ್ಟಿಂಗ್ ಆಫ್ ಇತ್ತು, ಅದನ್ನೂ ಆನ್ ಮಾಡಿದೆ. ಇಬ್ಬರಿಗೂ ಧನ್ಯವಾದ.