ನಮ್ಮ 1978ರ ಪದ್ಮಿನಿ ಕಾರು ಕಳುವಾಗಿದೆ. ಫೋಟೋ ಎಲ್ಲಾ ಕಡೆ ಹಾಕಬೇಕಾ, ಬೇಡ್ವಾ?

ಪದ್ಮಿನಿ78, ಮೈಸೂರು: ಮೊನ್ನೆ ರಾತ್ರಿ ಕುವೆಂಪುನಗರದಲ್ಲಿ ನಮ್ಮ ಮನೆ ಮುಂದಿದ್ದ ಕಾರನ್ನು ಕದ್ದೊಯ್ದಿದ್ದಾರೆ. ಕೆನೆ ಬಣ್ಣದ ಪ್ರೀಮಿಯರ್ ಪದ್ಮಿನಿ, ಹಳೇ ಮೂರಕ್ಷರದ ನಂಬರು. ಅಪ್ಪ ಕೊಂಡ ಗಾಡಿ. ನಾನು ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಬೆಳಿಗ್ಗೆ ಹಾಲು ತರಲು ಗೇಟು ತೆಗೆದಾಗ ರಸ್ತೆಯಲ್ಲಿ ಆಯಿಲ್ ತೊಟ್ಟಿಕ್ಕಿದ ಕಪ್ಪು ಕಲೆ ಕಂಡಿತು. ಪಕ್ಕದಲ್ಲಿ ಕ್ವಾರ್ಟರ್ ಗ್ಲಾಸಿನ (ಕಿಟಕಿ ಮೂಲೆಯ ಪುಟ್ಟ ಗಾಜು) ಚೂರು. ಅಷ್ಟೇ ಉಳಿದಿದ್ದು. ಎಫ್‌ಐಆರ್ ಆಗಿದೆ. ಫೋಟೋ ಎಲ್ಲಾ ವಾಟ್ಸಾಪ್ ಗ್ರೂಪಿಗೂ ಕಳಿಸೋಣ ಅಂತ ನಾನು, ಬೇಡ ಅಂತ ತಮ್ಮ. ಹಳೇ ಕಾರು ಇಟ್ಟುಕೊಂಡಿರುವ ನೀವೆಲ್ಲ ಏನು ಹೇಳ್ತೀರಿ?

ಕಾಂಟೆಸ್ಸಾ, ಬೆಂಗಳೂರು: ಓದಿ ಹೊಟ್ಟೆ ಉರಿಯಿತು ಮೇಡಂ. ಆದರೆ ನಿಮ್ಮ ತಮ್ಮ ಹೇಳಿದ್ದೇ ಸರಿ. ಫೋಟೋ ಊರೆಲ್ಲಾ ಓಡಾಡಿದರೆ ಕಳ್ಳನಿಗೆ ಹೆದರಿಕೆ ಹುಟ್ಟುತ್ತದೆ. ಅವತ್ತೇ ರಾತ್ರಿ ಗ್ಯಾಸ್ ಕಟರ್ ಹಿಡಿದು ತುಂಡು ಮಾಡಿಬಿಡುತ್ತಾನೆ. ಹಳೇ ಗಾಡಿ ಓಡಿಸುವ ನಾಲ್ಕು ಜನಕ್ಕೆ ಮಾತ್ರ ಹೇಳಿ, ಪೊಲೀಸರ ಜೊತೆ ಸದ್ದಿಲ್ಲದೆ ಹುಡುಕಿ.

ಹಾಸನ ಗ್ಯಾರೇಜ್: ನಾನು ಒಪ್ಪಲ್ಲ. ಒಡೆಯುವವನು ಫೋಟೋ ನೋಡಲು ಕಾಯುವುದಿಲ್ಲ, ಮೊದಲ ದಿನವೇ ಒಡೆಯುತ್ತಾನೆ. ಒಡೆಯದೆ ಇಟ್ಟುಕೊಂಡಿದ್ದರೆ ಜನರ ಕಣ್ಣೇ ನಮಗಿರುವ ಬಲ. ಪದ್ಮಿನಿ ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ಕೂಡ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಇವತ್ತು ಒಂದು ಪದ್ಮಿನಿ ಹೋದರೆ ಟೀ ಅಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡುತ್ತಾರೆ. ಸ್ವಿಫ್ಟ್ ಕಳೆದರೆ ಯಾರು ಗುರುತು ಹಿಡಿಯುತ್ತಾರೆ ಹೇಳಿ?

ಇನ್ನೊಂದು ಮಾತು ಅಕ್ಕ. ಬ್ಯಾಟರಿ ಕನೆಕ್ಷನ್ ಇತ್ತಾ?

ಪದ್ಮಿನಿ78, ಮೈಸೂರು: ಇಲ್ಲ ಅಣ್ಣ. ಬ್ಯಾಟರಿ ಚಾರ್ಜ್ ಮಾಡಲು ಮನೆಯೊಳಗೆ ತಂದಿಟ್ಟಿದ್ದೆ.

ಹಾಸನ ಗ್ಯಾರೇಜ್: ಹಾಗಾದರೆ ಓಡಿಸಿಕೊಂಡು ಹೋಗಿಲ್ಲ ಅನ್ನಿಸುತ್ತೆ. ಕ್ವಾರ್ಟರ್ ಗ್ಲಾಸ್ ಒಡೆದು, ಕೈ ಹಾಕಿ ಡೋರ್ ತೆಗೆದು, ನ್ಯೂಟ್ರಲ್ ಮಾಡಿ ಎಳೆದುಕೊಂಡು ಹೋಗಿದ್ದಾರೆ. ಸಿಸಿ ಕ್ಯಾಮೆರಾದಲ್ಲಿ ಕಾರೊಂದನ್ನೇ ಹುಡುಕಬೇಡಿ. ಹಗ್ಗ ಕಟ್ಟಿಕೊಂಡು ಹೋದ ಗೂಡ್ಸ್ ಗಾಡಿ ನೋಡಿ.

ಗುಂಡ್ಲುಪೇಟೆ ಫಿಯಟ್: ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ರಸ್ತೆ ಬಂದ್. ಊಟಿ ಕಡೆಗೂ ಬಿಡಲ್ಲ, ಸುಲ್ತಾನ್ ಬತ್ತೇರಿ ಕಡೆಗೂ ಬಿಡಲ್ಲ. ನಮ್ಮ ಕಡೆ ಬಂದಿದ್ದರೆ ಬೆಳಗಾಗುವವರೆಗೆ ಎಲ್ಲೋ ನಿಂತಿರಲೇಬೇಕು. ಇವತ್ತು ಸಂಜೆ ಪೆಟ್ರೋಲ್ ಬಂಕ್, ಗುಜರಿ ಅಂಗಡಿ ಎಲ್ಲಾ ಸುತ್ತಿ ಬರುತ್ತೇನೆ. ಫೋಟೋ ಬೇಕೇ ಬೇಕು. ಪದ್ಮಿನಿಯನ್ನು ಜನ ಫಿಯಟ್ ಅಂತಲೇ ಕರೆಯುವುದು, ಬರೀ ಬಾಯಲ್ಲಿ 'ಕೆನೆ ಬಣ್ಣದ ಫಿಯಟ್' ಅಂದರೆ ಯಾರಿಗೆ ಗೊತ್ತಾಗುತ್ತೆ?

ಹೆರಾಲ್ಡ್, ಶಿವಮೊಗ್ಗ: ನಾನು ವಕೀಲ, ಹಾಗಾಗಿ ಸ್ವಲ್ಪ ಬೇರೆ ಮಾತು. ಫೋಟೋ ಹಾಕಿ. ಆದರೆ ಎಲ್ಲಾ ಗುರುತನ್ನೂ ಹಾಕಬೇಡಿ. ನಿಮಗೆ ಮಾತ್ರ ಗೊತ್ತಿರುವ ಒಂದು ಗುರುತು ಇರುತ್ತದಲ್ಲ, ಬೆಸುಗೆ ಹಾಕಿದ್ದೋ, ಒಳಗಡೆ ಬರೆದದ್ದೋ, ಅದನ್ನು ಠಾಣೆಯಲ್ಲಿ ಬರೆದುಕೊಟ್ಟು ಸುಮ್ಮನಿರಿ. ಪೇಂಟ್ ಬದಲಾದರೂ ನಾಳೆ ಕಾರು ನಿಮ್ಮದು ಅಂತ ತೋರಿಸಲು ಅದು ಬೇಕು. ಎಫ್‌ಐಆರ್‌ನಲ್ಲಿ ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡೂ ಇವೆಯಾ ನೋಡಿ. ನಂಬರ್ ಪ್ಲೇಟ್ ಕಳಚಲು ಐದು ನಿಮಿಷ ಸಾಕು. ಕಳ್ಳತನಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 303(2) ಹಾಕಿರುತ್ತಾರೆ. ಹಿಂದೆ ಐಪಿಸಿ 379 ಇತ್ತಲ್ಲ, ಅದೇ. ಇನ್ಶೂರೆನ್ಸ್ ಯಾವುದು?

ಪದ್ಮಿನಿ78, ಮೈಸೂರು: ಥರ್ಡ್ ಪಾರ್ಟಿ ಮಾತ್ರ ಸರ್. ಕಳ್ಳತನಕ್ಕೆ ಏನೂ ಬರಲ್ಲ ಅಂತ ಗೊತ್ತು.

ಅಂಬಿ87, ತುಮಕೂರು: ಅಷ್ಟು ಪ್ರೀತಿಯ ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸಿದ್ದು ತಪ್ಪಲ್ವಾ? ಸ್ಟೀರಿಂಗ್ ಲಾಕ್ ಆದರೂ ಹಾಕಬೇಕಿತ್ತು.

ಹಾಸನ ಗ್ಯಾರೇಜ್: ಅಣ್ಣ, ಅದನ್ನು ಹೇಳುವ ಹೊತ್ತು ಇದಲ್ಲ. ನಮ್ಮಲ್ಲಿ ಅರ್ಧ ಜನ ಬೀದಿಯಲ್ಲೇ ನಿಲ್ಲಿಸುತ್ತೇವೆ. ತಪ್ಪು ಕದ್ದವನದು.

ಅಂಬಿ87, ತುಮಕೂರು: ಸರಿ, ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ ಮೇಡಂ. ನಾವೆಲ್ಲ ಸೇರಿ ಒಂದಿಷ್ಟು ದುಡ್ಡು ಹಾಕಿ ಇನ್ನೊಂದು ಪದ್ಮಿನಿ ಹುಡುಕಿ ಕೊಡೋಣ. ನನ್ನದು ಐದು ಸಾವಿರ.

ಪದ್ಮಿನಿ78, ಮೈಸೂರು: ನಿಮ್ಮ ಮಾತು ಕೇಳಿ ಕಣ್ಣು ತುಂಬಿತು. ಆದರೆ ದುಡ್ಡು ಬೇಡ. ನನಗೆ ಬೇಕಿರುವುದು ಪದ್ಮಿನಿ ಅಲ್ಲ, ಆ ಕಾರು. ಅದರ ಗೇರ್ ಲಿವರ್ ಗುಂಡು ಅಪ್ಪನ ಕೈ ಉಜ್ಜಿ ಉಜ್ಜಿ ಒಂದು ಕಡೆ ಚಪ್ಪಟೆ ಆಗಿದೆ. (ಠಾಣೆಗೆ ಕೊಟ್ಟ ಗುರುತು ಇದಲ್ಲ, ಹೆರಾಲ್ಡ್ ಸರ್.)

ಫೋಟೋ ನಿನ್ನೆಯೇ ಹಾಕಿದೆ. ಮಧ್ಯಾಹ್ನ ಒಬ್ಬ ಫೋನ್ ಮಾಡಿ, 'ಕಾರು ನನ್ನ ಹತ್ತಿರ ಇದೆ, ಹತ್ತು ಸಾವಿರ ಕಳಿಸಿ' ಅಂದ. ಆ ಗುರುತು ಎಲ್ಲಿದೆ ಹೇಳಿ ಅಂದೆ. ಫೋನ್ ಕಟ್ ಮಾಡಿದ. ನಂಬರು ಪೊಲೀಸರಿಗೆ ಕೊಟ್ಟಿದ್ದೇನೆ.

ಕಾಂಟೆಸ್ಸಾ, ಬೆಂಗಳೂರು: ನೋಡಿ, ಫೋಟೋ ಹಾಕಿದರೆ ಇಂಥವರೂ ಬರುತ್ತಾರೆ. ನನ್ನ ಮಾತು ಈಗಲೂ ಅದೇ. ಆದರೆ ಹಾಕಿ ಆಯಿತಲ್ಲ, ನಾಳೆ ನಾನೂ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಿಗೆ ಹೋಗಿ ಬರುತ್ತೇನೆ. ಅಲ್ಲಿ ಗೊತ್ತಿರುವವರಿದ್ದಾರೆ. ಪದ್ಮಿನಿ ಗ್ರಿಲ್, ಬಂಪರ್ ಮಾರಲು ಯಾರಾದರೂ ಬಂದರೆ ತಿಳಿಸಲು ಹೇಳುತ್ತೇನೆ.

ಪದ್ಮಿನಿ78, ಮೈಸೂರು: ಈಗ ತಾನೇ ಠಾಣೆಯಿಂದ ಬಂದೆ. ಹಾಸನದ ಅಣ್ಣ ಹೇಳಿದಂತೆಯೇ ಆಗಿದೆ. ನಂಜನಗೂಡು ರಸ್ತೆಯ ಒಂದು ಬೇಕರಿ ಕ್ಯಾಮೆರಾದಲ್ಲಿ ರಾತ್ರಿ 2:40ಕ್ಕೆ ಗೂಡ್ಸ್ ಗಾಡಿ, ಹಿಂದೆ ಹಗ್ಗದಲ್ಲಿ ನಮ್ಮ ಕಾರು. ಗೂಡ್ಸ್ ಗಾಡಿಯ ನಂಬರಿನ ಕೊನೆಯ ಎರಡು ಅಂಕಿ ಕಾಣಿಸುತ್ತಿದೆ.

ಗುಂಡ್ಲುಪೇಟೆ ಫಿಯಟ್: ಅಕ್ಕ, ಹಾಗಾದರೆ ನಮ್ಮ ಕಡೆಗೇ ಬಂದಿರಬಹುದು. ನಾಳೆ ಬೆಳಿಗ್ಗೆ ಇನ್ನೂ ಇಬ್ಬರನ್ನು ಕರೆದುಕೊಂಡು ಬೇಗೂರಿನಿಂದ ಹುಡುಕುತ್ತಾ ಬರುತ್ತೇವೆ. ಏನಾದರೂ ಕಂಡರೆ ನಾವು ಮುಟ್ಟಲ್ಲ, ಮೊದಲು ಠಾಣೆಗೆ ಫೋನ್.

ಹಾಸನ ಗ್ಯಾರೇಜ್: ನನ್ನ ಹತ್ತಿರ ಕ್ವಾರ್ಟರ್ ಗ್ಲಾಸ್ ಒಂದು ಜೊತೆ ಇದೆ. ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ಕಾರು ಸಿಕ್ಕಿದ ದಿನ ಹೇಳಿ, ರಬ್ಬರ್ ಬೀಡಿಂಗ್ ಸಮೇತ ಬಂದು ಕೂರಿಸಿಕೊಡುತ್ತೇನೆ. ಒಡೆದದ್ದು ಎಡಗಡೆಯದಾ, ಬಲಗಡೆಯದಾ?

ಪದ್ಮಿನಿ78, ಮೈಸೂರು: ಎಡಗಡೆಯದು ಅಣ್ಣ.