ಇಕ್ಕೇರಿ ದೇವಸ್ಥಾನ ಅದ್ದೂರಿಯೋ, ಭವ್ಯವೋ?

ಸಾಗರದ ಅಮ್ಮ:
ಮಗಳು ಏಳನೇ ಕ್ಲಾಸು. ಶಾಲೆಯವರ ಜೊತೆ ಇಕ್ಕೇರಿಗೆ ಹೋಗಿ ಬಂದು ಪ್ರಬಂಧ ಬರೆದಳು. ‘ಅಘೋರೇಶ್ವರ ದೇವಸ್ಥಾನ ಅದ್ದೂರಿಯಾಗಿದೆ’ ಅಂದಿದ್ದಕ್ಕೆ ಟೀಚರ್ ಕೆಂಪು ಗೆರೆ ಎಳೆದು ಮೇಲೆ ‘ಭವ್ಯ’ ಅಂತ ತಿದ್ದಿದ್ದಾರೆ. ಎರಡೂ ಒಂದೇ ಅಲ್ವಾ ಅಂತ ಕೇಳುತ್ತಿದ್ದಾಳೆ. ಒಂದೇ ಅಲ್ಲ ಅಂತ ಗೊತ್ತು, ಯಾಕೆ ಅಂತ ಹೇಳಲು ಬರುತ್ತಿಲ್ಲ.

ತೋಟದ ಮನೆ:
ಟೀಚರ್ ಮಾಡಿದ್ದು ಸರಿ. ಯಾರೋ ಖರ್ಚು ಮಾಡಿ, ಓಡಾಡಿ ನಡೆಸಿದ್ದು ಅದ್ದೂರಿ. ಮದುವೆ ಅದ್ದೂರಿ, ಮಾರಿಜಾತ್ರೆ ಅದ್ದೂರಿ, ಶಾಮಿಯಾನ ಬಿಚ್ಚಿದರೆ ಮುಗಿಯಿತು. ಜೋಗಕ್ಕೆ ಅದ್ದೂರಿ ಅಂದು ನೋಡಿ, ನಗು ಬರುತ್ತದೆ. ಮಳೆಗಾಲದಲ್ಲಿ 253 ಮೀಟರ್ ಎತ್ತರದಿಂದ ನೀರು ಬೀಳುವುದನ್ನು ನೋಡುತ್ತಾ ನಿಂತಾಗ ಮಾತೇ ನಿಂತು, ನಾವು ಚಿಕ್ಕವರಾಗಿಬಿಡುತ್ತೇವಲ್ಲ, ಅದು ಭವ್ಯ. (ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ, ನೀರೆಲ್ಲ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ, ಆ ಮಾತು ಬೇರೆ.)

ವೈಭವ ಇನ್ನೊಂದು ಥರ. ಅದರಲ್ಲಿ ಸಿರಿತನ ಇದೆ, ಸಿರಿ ಬಂದ ಹಾಗೆ ಹೋಗಲೂಬಹುದು. ಅದಕ್ಕೇ ‘ಗತವೈಭವ’ ಅನ್ನುತ್ತೇವೆ, ‘ಗತ ಅದ್ದೂರಿ’ ಅಂತ ಯಾರೂ ಅನ್ನಲ್ಲ. ಇಕ್ಕೇರಿ ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿ. ಆಮೇಲೆ ರಾಜಧಾನಿ ಬಿದನೂರಿಗೆ ಹೋಯಿತು, 1763ರಲ್ಲಿ ಅದೂ ಹೈದರಾಲಿ ಕೈಗೆ ಬಿತ್ತು. ಈಗ ಇಕ್ಕೇರಿಯಲ್ಲಿ ವೈಭವ ಹುಡುಕಿದರೆ ಎಲ್ಲಿ ಸಿಗುತ್ತದೆ? ಕಲ್ಲಿನ ಗುಡಿ ಮಾತ್ರ ಹಾಗೇ ನಿಂತಿದೆ.

ಹಳೇ ಪೇಪರ್:
‘ವಿಜೃಂಭಣೆ’ ಬಿಟ್ಟಿರಲ್ಲ! ಸಂಸ್ಕೃತದಲ್ಲಿ ಜೃಂಭಣ ಅಂದರೆ ಆಕಳಿಕೆ. ಬಾಯಿ ಅಗಲವಾಗುವುದು, ಹೂವು ಅರಳುವುದು, ಹರಡಿಕೊಳ್ಳುವುದು, ಹಾಗೆ ಬೆಳೆದ ಮಾತು. ‘ಸಮಾರಂಭ ವಿಜೃಂಭಣೆಯಿಂದ ಜರುಗಿತು’ ಅಂತ ಓದಿದಾಗಲೆಲ್ಲ ನನಗೆ ಅಲ್ಲಿನ ಭಾಷಣಗಳು ನೆನಪಾಗುತ್ತವೆ.

ಹೊಸನಗರದವ:
ತೋಟದ ಮನೆಯವರೇ, ಪೂರ್ತಿ ಒಪ್ಪಲ್ಲ. ಸಿನಿಮಾ ಸೆಟ್ಟಿಗೂ ಅದ್ದೂರಿ ಅಂತಾರೆ, ಹೊಸ ಮನೆಗೂ ಅಂತಾರೆ, ಅವೇನು ಜಾತ್ರೆಯಾ? ಪಾಪ, ಮಗುವಿಗೆ ಸುಮ್ನೆ ಕೆಂಪು ಗೆರೆ. ಅಷ್ಟಕ್ಕೂ ನಮ್ಮ ಮನೆ ಮಾತಿನಲ್ಲಿ ಈ ಮೂರೂ ಜಾಸ್ತಿ ಬರಲ್ಲ. ಮದುವೆ ಊಟ ಮುಗಿಸಿ ಬಂದವರು ‘ಭಾರೀ ಜೋರಿತ್ತು ಮಾರಾಯ’ ಅಂತಾರೆ ಅಷ್ಟೇ.

ತೋಟದ ಮನೆ:
ಸೆಟ್ಟಿಗೆ, ಹೊಸ ಮನೆಗೆ ಹಾಗನ್ನುವುದೂ ಖರ್ಚು ಕಣ್ಣಿಗೆ ಹೊಡೆಯುತ್ತದೆ ಅಂತಲೇ. ನನ್ನ ಮಾತನ್ನೇ ಹೇಳಿದಿರಲ್ಲ ಮಾರಾಯ್ರೆ!

ಸಾಗರದ ಅಮ್ಮ:
ಎಲ್ಲ ಓದಿ ಹೇಳಿದೆ. ‘ಹಾಗಾದ್ರೆ ನಂದಿ ಭವ್ಯ, ಅವತ್ತಿನ ಊಟ ಅದ್ದೂರಿ’ ಅಂದಳು. ಊಟ ಅಂದರೆ ನಾನು ಡಬ್ಬಿಗೆ ಹಾಕಿಕೊಟ್ಟ ಚಿತ್ರಾನ್ನ.